ಒಂದೇ ಕುರ್ಚಿಯ ದಫ್ತರು: ಕಾರ್ಮಿಕ ಹೋರಾಟದ ಕಾಗದಪತ್ರಗಳಿಗೆ ಟ್ರೋಪಿ ಎಷ್ಟು ಆಗಿಬರುತ್ತದೆ?

ಕಾರ್ಖಾನೆ ಮುಚ್ಚಿದಾಗ ಯಂತ್ರ ಗುಜರಿಗೆ ಹೋಗುತ್ತದೆ, ಜಾಗ ಕಟ್ಟಡದವರ ಪಾಲಾಗುತ್ತದೆ, ಕಂಪನಿಯ ಲೆಕ್ಕಪತ್ರ ಎಲ್ಲೋ ಒಂದು ಕಡೆ ಹೇಗೋ ಉಳಿದಿರುತ್ತದೆ. ಉಳಿಯದೇ ಹೋಗುವುದು ಗೇಟಿನ ಹೊರಗಿನ ಕಾಗದ. ಪಾಳಿ ಬಿಡುವ ಹೊತ್ತಿಗೆ ಹಂಚಿದ ಕರಪತ್ರ, ಸೈಕ್ಲೋಸ್ಟೈಲ್ ಮಾಡಿದ ಬೇಡಿಕೆ ಪಟ್ಟಿ, ಸಂಘದ ನಡಾವಳಿ ಪುಸ್ತಕ, ಚಂದಾ ರಸೀದಿಯ ಅರ್ಧಭಾಗ, ಅಮಾನತಿನ ಆದೇಶ, ಧರಣಿಯ ದಿನ ಯಾರೋ ತೆಗೆದ ಒಂದು ಗುಂಪು ಫೋಟೊ. ಇವೆಲ್ಲ ಹಳೆಯ ಕಾರ್ಮಿಕರ ಮನೆಯ ಟ್ರಂಕಿನಲ್ಲಿರುತ್ತವೆ. ಮನೆ ಬದಲಾಯಿಸುವಾಗಲೋ, ಟ್ರಂಕಿನ ಒಡೆಯರು ತೀರಿಕೊಂಡ ಮೇಲೋ, ಹಳೇ ಪೇಪರಿನ ಜೊತೆ ತೂಕಕ್ಕೆ ಹೋಗುತ್ತವೆ.

ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ, ಹಾಗಾಗಿ ಚಿತ್ರ ತೆಗೆಯುವುದು ಕಷ್ಟವಲ್ಲ. ಕಷ್ಟ ಶುರುವಾಗುವುದು ಆಮೇಲೆ. ಮೂರು ಮನೆ ಸುತ್ತಿದರೆ ಎಂಟುನೂರು ಚಿತ್ರ ಕೂಡುತ್ತವೆ. ಎಲ್ಲದರ ಹೆಸರೂ ಒಂದೇ ಥರದ ನಂಬರು. ಆರು ತಿಂಗಳು ಕಳೆದರೆ ಯಾವ ಹಾಳೆ ಯಾರ ಮನೆಯದು, ಯಾವುದರ ಹಿಂಬದಿ ಯಾವುದು, ಫೋಟೊದಲ್ಲಿ ಎಡದಿಂದ ಮೂರನೆಯವರು ಯಾರೆಂದು ಹೇಳಿದ್ದರು, ಒಂದೂ ನೆನಪಿರುವುದಿಲ್ಲ. ಹೆಸರನ್ನು ಒಂದು ಡೈರಿಯಲ್ಲಿ ಬರೆದಿರುತ್ತಾರೆ, ಚಿತ್ರ ಇನ್ನೊಂದು ಪೆನ್‌ಡ್ರೈವಿನಲ್ಲಿರುತ್ತದೆ, ಎರಡೂ ಮತ್ತೆ ಭೇಟಿಯಾಗುವುದೇ ಇಲ್ಲ.

ಟ್ರೋಪಿ ಎಂಬ ಸಾಫ್ಟ್‌ವೇರ್ ಇರುವುದು ಈ ರೋಗಕ್ಕೇ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ರಾಯ್ ರೋಸೆನ್‌ಜ್ವೈಗ್ ಸೆಂಟರ್‌ನಲ್ಲಿ ತಯಾರಾಗಿ 2017ರಲ್ಲಿ ಹೊರಬಂತು. ಓದಿದ ಆಕರಗಳ ಪಟ್ಟಿ ಇಡಲು ಸಂಶೋಧಕರು ಬಳಸುವ ಝೊಟೇರೊ ಹುಟ್ಟಿದ್ದೂ ಅದೇ ಮನೆಯಲ್ಲಿ. ಟ್ರೋಪಿ ಉಚಿತ, ಅದರ ಮೂಲಸಂಕೇತ ಮುಕ್ತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕೆಲಸ ಮಾಡಲು ಇಂಟರ್‌ನೆಟ್ ಬೇಕಿಲ್ಲ, ಚಿತ್ರಗಳು ಯಾರದೋ ಸರ್ವರ್‌ಗೆ ಹೋಗುವುದಿಲ್ಲ. ವಜಾ ಆದವರ ಪಟ್ಟಿ, ಪೊಲೀಸ್ ಕೇಸಿನ ಕಾಗದ ಇಟ್ಟುಕೊಂಡು ಕೂತವರಿಗೆ ಇದು ಸಣ್ಣ ವಿಷಯವಲ್ಲ.

ಅಂಕ ಕೊಡಲೇಬೇಕೆಂದರೆ ಮೊದಲೇ ಕೊಟ್ಟುಬಿಡಬಹುದು. ಚಿತ್ರವನ್ನೂ ಅದರ ವಿವರವನ್ನೂ ಜೊತೆಯಲ್ಲಿ ಹಿಡಿದಿಡುವ ಕೆಲಸಕ್ಕೆ 10ಕ್ಕೆ 9. ನಾಲ್ಕು ಜನ ಕೂಡಿ ಕೆಲಸ ಮಾಡುವುದಕ್ಕೆ 3. ಹೋರಾಟದ ನೆನಪು ನೂರಾರು ಜನರದ್ದು, ಈ ಉಪಕರಣ ಮಾತ್ರ ಒಬ್ಬರು ಕೂತು ಬರೆಯುವುದಕ್ಕೆ ಮಾಡಿದ್ದು. ಇದರ ಒಳ್ಳೆಯದು ಕೆಟ್ಟದ್ದೆಲ್ಲ ಈ ಒಂದು ಕಡೆಯಿಂದಲೇ ಹೊರಡುತ್ತದೆ.

ಶುರುವಿನಲ್ಲೇ ಒಂದು ಆಯ್ಕೆ

ಹೊಸ ಪ್ರಾಜೆಕ್ಟ್ ತೆರೆಯುವಾಗ ಎರಡು ಬಗೆ ಕಾಣುತ್ತವೆ. ಸ್ಟ್ಯಾಂಡರ್ಡ್ ಆರಿಸಿದರೆ ಚಿತ್ರಗಳ ಪ್ರತಿಯನ್ನು ಪ್ರಾಜೆಕ್ಟ್ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಅಡ್ವಾನ್ಸ್ಡ್ ಆರಿಸಿದರೆ ಚಿತ್ರ ಇದ್ದಲ್ಲೇ ಇರುತ್ತದೆ, ಟ್ರೋಪಿ ಅದರ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಎರಡನೆಯದು ಜಾಗ ಉಳಿಸುತ್ತದೆ ಎಂದು ಅದಕ್ಕೆ ಹೋಗುವವರಿದ್ದಾರೆ, ಕೈ ಸುಟ್ಟುಕೊಳ್ಳುವವರೂ ಅವರೇ. ಫೋಲ್ಡರಿನ ಹೆಸರು ತಿದ್ದಿದರೆ, ಎಕ್ಸ್‌ಟರ್ನಲ್ ಡಿಸ್ಕಿನ ಡ್ರೈವ್ ಅಕ್ಷರ ಬದಲಾದರೆ, ವಿಳಾಸ ತಪ್ಪಿ ಚಿತ್ರಗಳು ಮಾಯ. ಬರೆದ ವಿವರ ಮಾತ್ರ ಇರುತ್ತದೆ. ಕನ್ಸಾಲಿಡೇಟ್ ಎಂಬ ಆಜ್ಞೆ ಕೊಟ್ಟು ಹೊಸ ಜಾಗ ತೋರಿಸಿದರೆ ಟ್ರೋಪಿ ಹುಡುಕಿಕೊಳ್ಳುತ್ತದೆ, ನಿಜ. ಆದರೆ ಅಷ್ಟರಲ್ಲಿ ಯಾರಾದರೂ ಫೈಲುಗಳ ಹೆಸರನ್ನೂ 'ಚೆಂದ' ಮಾಡಿದ್ದರೆ ಪಾಡು ಬೇಡ. ದೊಡ್ಡ ಡಿಸ್ಕ್ ಇದ್ದರೆ ಕಣ್ಣು ಮುಚ್ಚಿ ಸ್ಟ್ಯಾಂಡರ್ಡ್ ಆರಿಸಿ.

ಇನ್ನೊಂದು ಮಾತು ಇಲ್ಲೇ: ಪ್ರಾಜೆಕ್ಟನ್ನು ಹಂಚಿಕೊಂಡ ಕ್ಲೌಡ್ ಫೋಲ್ಡರಿನಲ್ಲಿಟ್ಟು ಇಬ್ಬರು ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ ತೆರೆಯಬಾರದು. ಒಳಗಿರುವುದು ಎಸ್‌ಕ್ಯೂಲೈಟ್ ಎಂಬ, ಎಲ್ಲವನ್ನೂ ಒಂದೇ ಫೈಲಿನಲ್ಲಿ ಬರೆದಿಡುವ ಡೇಟಾಬೇಸ್. ಕ್ಲೌಡ್ ಸಿಂಕ್ ಅರ್ಧಂಬರ್ಧ ಬರೆದ ಫೈಲನ್ನು ಎತ್ತಿಕೊಂಡು ಹೋದರೆ ಇಬ್ಬರ ಕೆಲಸವೂ ಕೆಡುತ್ತದೆ.

ಚಿತ್ರ ಸರಿ ಇಲ್ಲದಿದ್ದರೆ ಟ್ರೋಪಿ ಏನೂ ಮಾಡಲಾರದು

ಇದು ಸಾಫ್ಟ್‌ವೇರಿನ ವಿಮರ್ಶೆಯೇ ಆದರೂ ಕ್ಯಾಮೆರಾದ ಮಾತು ಬಿಟ್ಟು ಮುಂದೆ ಹೋಗುವಂತಿಲ್ಲ. ಹಾಳಾಗುವುದು ಮುಕ್ಕಾಲುಪಾಲು ಇಲ್ಲೇ.

12 ಮೆಗಾಪಿಕ್ಸೆಲ್ ಫೋನಿನ ಚಿತ್ರ 4000ಕ್ಕೆ 3000 ಚುಕ್ಕೆ. ಎ4 ಹಾಳೆ ಚೌಕಟ್ಟು ತುಂಬುವಂತೆ ಬಂದರೆ ಇಂಚಿಗೆ ಸುಮಾರು 340 ಚುಕ್ಕೆ ಬೀಳುತ್ತವೆ. ಅಚ್ಚಿನ ಅಕ್ಷರಕ್ಕೆ 300 ಇದ್ದರೆ ಸಾಕು, ಹಾಗಾಗಿ ಫೋನೇ ಧಾರಾಳ. ಎ3 ಆದರೆ 240ಕ್ಕೆ ಇಳಿಯುತ್ತದೆ. ಗೋಡೆಯ ಪೋಸ್ಟರ್ 20ಕ್ಕೆ 30 ಇಂಚು ಇದ್ದರೆ ಒಂದೇ ಚಿತ್ರದಲ್ಲಿ 130ರ ಆಸುಪಾಸು. ದಪ್ಪಕ್ಷರ ಕಾಣುತ್ತದೆ, ಕೆಳಗಿನ ಸಣ್ಣಕ್ಷರ ಕಲಸಿಹೋಗುತ್ತದೆ. ಅಂಥದ್ದನ್ನು ನಾಲ್ಕು ತುಂಡಾಗಿ, ಅಂಚುಗಳು ಒಂದರ ಮೇಲೊಂದು ಬರುವಂತೆ ತೆಗೆಯಬೇಕು. ಜೊತೆಗೆ ಇಡೀ ಪೋಸ್ಟರಿನದ್ದೂ ಒಂದು. ಗುಂಪು ಫೋಟೊಗಳಿಗೆ ಮಾತ್ರ ಫ್ಲಾಟ್‌ಬೆಡ್ ಸ್ಕ್ಯಾನರ್ ತಂದು 600ರಲ್ಲಿ ಸ್ಕ್ಯಾನ್ ಮಾಡುವುದು ಒಳ್ಳೆಯದು. ಮುಖ ಹಿಗ್ಗಿಸಿ ನೋಡುವ ಪ್ರಸಂಗ ಬಂದೇ ಬರುತ್ತದೆ.

ಡಾಕ್ಯುಮೆಂಟ್ ಸ್ಕ್ಯಾನ್ ಮಾಡುವ ಆ್ಯಪ್‌ಗಳನ್ನು ಈ ಕೆಲಸಕ್ಕೆ ದೂರವಿಡಿ. ಅವು ಕಾಗದವನ್ನು ಬೆಳ್ಳಗೆ ಮಾಡಿ, ಅಂಚು ಕತ್ತರಿಸಿ, ಅಕ್ಷರ ಕಪ್ಪಾಗಿಸಿ ಕೊಡುತ್ತವೆ. ಬಿಲ್ಲಿಗೆ ಅದು ಸರಿ. ಕರಪತ್ರದಲ್ಲಿ ಬೆಲೆಬಾಳುವುದೆಲ್ಲ ಇರುವುದು ಅವು ಅಳಿಸುವ ಜಾಗದಲ್ಲೇ: ಮಾರ್ಜಿನ್ನಿನಲ್ಲಿ ಪೆನ್ಸಿಲ್ಲಿನಿಂದ ಬರೆದ ಲೆಕ್ಕ, ಮಸುಕಾದ ಕೆಂಪು ಸೀಲು, ತೀರಾ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿರುವ ಮುದ್ರಣಾಲಯದ ಹೆಸರು. ಕೊನೆಯದ್ದಕ್ಕಂತೂ ವಿಶೇಷ ಬೆಲೆ. ಬ್ರಿಟನ್ನಿನಲ್ಲಿ 1799ರಲ್ಲಿ, ಭಾರತದಲ್ಲಿ 1867ರಲ್ಲಿ ಬಂದ ಕಾನೂನುಗಳು ಅಚ್ಚಾದ ಕಾಗದದ ಮೇಲೆ ಮುದ್ರಕರ ಹೆಸರು ಇರಬೇಕೆಂದವು. ಯಾರು ಏನು ಅಚ್ಚು ಹಾಕುತ್ತಾರೆ ಎಂದು ಕಣ್ಣಿಡಲು ಮಾಡಿದ ಏರ್ಪಾಡು. ಆ ಕಣ್ಗಾವಲಿನ ಸಾಲೇ ಇವತ್ತು ತಾರೀಖಿಲ್ಲದ ಕರಪತ್ರದ ಊರು ಕಾಲ ಹಿಡಿಯಲು ಮೊದಲ ಸುಳಿವು.

ಬಣ್ಣದಲ್ಲೇ ತೆಗೆಯಿರಿ. ಫ್ಲಾಶ್ ಬೇಡ, ಕಿಟಕಿಯ ಪಕ್ಕದ ನೆರಳಿನ ಬೆಳಕು ಸಾಕು. ನಾಲ್ಕೂ ಅಂಚು ಕಾಣಲಿ, ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಹಿಂಬದಿ ಖಾಲಿ ಇದ್ದರೂ ಒಮ್ಮೆ ತೆಗೆಯಿರಿ, 'ಹಿಂದೆ ಏನಿತ್ತು' ಎಂಬ ಪ್ರಶ್ನೆಗೆ ಅದೇ ಉತ್ತರ. ಸೈಕ್ಲೋಸ್ಟೈಲ್ ಹಾಳೆ, ಕಾರ್ಬನ್ ಪ್ರತಿ, ನ್ಯೂಸ್‌ಪ್ರಿಂಟ್ ಯಾವುದನ್ನೂ ಹಾಳೆ ಎಳೆದುಕೊಳ್ಳುವ ಸ್ಕ್ಯಾನರಿಗೆ ಹಾಕಬೇಡಿ. ನ್ಯೂಸ್‌ಪ್ರಿಂಟ್ ಆಮ್ಲದಿಂದ ಹಪ್ಪಳವಾಗಿರುತ್ತದೆ, ಮಡಿಕೆಯಲ್ಲೇ ತುಂಡಾಗುತ್ತದೆ. ನೇರಳೆ ಶಾಯಿಯ ಪ್ರತಿಗಳು ಬೆಳಕಿಗೆ ಮಾಸುತ್ತವೆ, ಅವುಗಳ ಸರದಿ ಮೊದಲು ಬರಲಿ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯದೆ, ಕಾಗದವನ್ನು ಅದರಿಂದ ನಿಧಾನಕ್ಕೆ ಬಿಡಿಸಿ. ಫೋನಿನ ಸೆಟ್ಟಿಂಗಿನಲ್ಲಿ ಜೆಪೆಗ್ ಎಂದಿರಲಿ, ಹೊಸ ಫಾರ್ಮ್ಯಾಟುಗಳು ಮುಂದೆ ವೆಬ್‌ಸೈಟಿನಲ್ಲಿ ತಕರಾರು ಮಾಡುತ್ತವೆ.

ಒಂದು ಮನೆಯ ಕೆಲಸ ಶುರು ಮಾಡುವ ಮುನ್ನ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಸಂಕೇತ ಸಂಖ್ಯೆ, ತಾರೀಖು ಬರೆದು ಅದರ ಚಿತ್ರವನ್ನೇ ಮೊದಲು ತೆಗೆಯಿರಿ. ಎಂಟುನೂರು ಚಿತ್ರಗಳ ನಡುವೆ ಅದೇ ಮೈಲಿಗಲ್ಲು. ಹೆಸರು ಬೇಡ, ಸಂಕೇತ ಮಾತ್ರ. ಯಾವ ಸಂಕೇತ ಯಾರದ್ದೆಂಬ ಪಟ್ಟಿ ಬೇರೆ ಕಡೆ, ಬೀಗದೊಳಗೆ ಇರಲಿ.

ಆಮದು, ಜೋಡಣೆ

ಚಿತ್ರಗಳನ್ನು ಎಳೆದು ಟ್ರೋಪಿಯೊಳಗೆ ಬಿಟ್ಟರೆ ಪ್ರತಿ ಚಿತ್ರಕ್ಕೂ ಒಂದೊಂದು ಐಟಂ ಆಗುತ್ತದೆ. ಎರಡು ಬದಿಯ ಕರಪತ್ರ ಎರಡು ಐಟಂ, ನೂರು ಪುಟದ ನಡಾವಳಿ ಪುಸ್ತಕ ನೂರು ಐಟಂ. ಒಂದೇ ವಸ್ತುವಿನ ಚಿತ್ರಗಳನ್ನೆಲ್ಲ ಆರಿಸಿ ಬಲ ಗುಂಡಿ ಒತ್ತಿ ಮರ್ಜ್ ಮಾಡಬೇಕು. ಈ ಕೆಲಸ ವಿವರ ಬರೆಯುವುದಕ್ಕಿಂತ ಮೊದಲು, ಅದೇ ದಿನ ಸಂಜೆಯೇ ಆಗಬೇಕು. ನಾಳೆಗೆ ಬಿಟ್ಟರೆ ಯಾವ ಹಿಂಬದಿ ಯಾವ ಮುಂಬದಿಯದ್ದೆಂದು ತಡಕಾಡಬೇಕಾಗುತ್ತದೆ. ಪಿಡಿಎಫ್ ಹಾಕಿದರೆ ಈ ತಾಪತ್ರಯ ಇಲ್ಲ, ಪುಟಗಳೆಲ್ಲ ಒಂದೇ ಐಟಮ್ಮಿನೊಳಗೆ ಬರುತ್ತವೆ. ಚಿತ್ರ ಅಡ್ಡ ಬಿದ್ದಿದ್ದರೆ ತಿರುಗಿಸುವುದು, ಮಸುಕಾಗಿದ್ದರೆ ಗಾಢ ಮಾಡುವುದು ಎಲ್ಲ ಒಳಗೇ ಆಗುತ್ತದೆ, ಮೂಲ ಫೈಲನ್ನು ಅದು ಮುಟ್ಟುವುದಿಲ್ಲ. ಪೆನ್ಸಿಲ್ಲಿನ ಬರಹ ಓದಲು ಕಾಂಟ್ರಾಸ್ಟ್ ಏರಿಸುವುದಕ್ಕಿಂತ ನೆಗೆಟಿವ್ ಮಾಡಿ ನೋಡುವುದು ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ.

ಅದೇ ಚಿತ್ರವನ್ನು ಎರಡನೇ ಸಲ ಹಾಕಹೊರಟರೆ ಟ್ರೋಪಿ ಎಚ್ಚರಿಸುತ್ತದೆ. ಅದು ಹೋಲಿಸುವುದು ಫೈಲನ್ನು, ಕಾಗದವನ್ನಲ್ಲ. ಎರಡು ಮನೆಯಲ್ಲಿ ಸಿಕ್ಕ ಒಂದೇ ಕರಪತ್ರದ ಎರಡು ಪ್ರತಿ ಅದಕ್ಕೆ ಬೇರೆ ಬೇರೆ, ಅದು ಹಾಗೇ ಇರಲಿ. 'ಇದು ಆಗಲೇ ಬಂದಿದೆ' ಎಂದು ಮನುಷ್ಯರು ಅಳಿಸುವುದೇ ಅಪಾಯ. ಷಿಕಾಗೊದ ಹೇಮಾರ್ಕೆಟ್ ಸಭೆಗೆ, 1886ರ ಮೇ 4ಕ್ಕೆ, ಅಚ್ಚಾದ ಕರಪತ್ರ ನೆನೆಸಿಕೊಳ್ಳಿ. ಮೊದಲ ಪ್ರತಿಗಳಲ್ಲಿ ಕಾರ್ಮಿಕರು ಆಯುಧ ಹಿಡಿದು ಬರಬೇಕೆಂಬ ಸಾಲಿತ್ತು. ಅದನ್ನು ತೆಗೆಸದೆ ತಾನು ಮಾತಾಡುವುದಿಲ್ಲವೆಂದ ಆಗಸ್ಟ್ ಸ್ಪೀಸ್, ಸಾಲು ತೆಗೆದು ಮತ್ತೆ ಅಚ್ಚಾಯಿತು. ದೂರದಿಂದ ನೋಡಿದರೆ ಎರಡೂ ಒಂದೇ ಕಾಗದ. ಸಭೆಯಲ್ಲಿ ಬಾಂಬ್ ಸಿಡಿದು ಕೇಸಾದಾಗ, ಆ ಒಂದು ಸಾಲು ಇದೆಯೋ ಇಲ್ಲವೋ ಎಂಬುದು ನ್ಯಾಯಾಲಯದಲ್ಲಿ ಜೀವದ ಪ್ರಶ್ನೆಯಾಯಿತು. ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಓದದೆ ಯಾವುದನ್ನೂ ನಕಲು ಎನ್ನಬಾರದು.

ನಮೂನೆ: ಇದರ ನಿಜವಾದ ಶಕ್ತಿ

ವಿವರ ಬರೆಯುವ ಖಾನೆಗಳ ಪಟ್ಟಿಗೆ ಟ್ರೋಪಿಯಲ್ಲಿ ಟೆಂಪ್ಲೇಟ್ ಎನ್ನುತ್ತಾರೆ. ಅದರ ಜೊತೆ ಬರುವ ಸಿದ್ಧ ನಮೂನೆಗಳು ಪತ್ರಾಗಾರಕ್ಕೆ ಹೋಗುವ ಸಂಶೋಧಕರಿಗೆ ಮಾಡಿದವು: ಯಾವ ಸಂಗ್ರಹ, ಯಾವ ಪೆಟ್ಟಿಗೆ, ಯಾವ ಕಡತ. ಟ್ರಂಕಿನಿಂದ ಬಂದ ಕಾಗದಕ್ಕೆ ಪೆಟ್ಟಿಗೆಯ ನಂಬರು ಎಲ್ಲಿಂದ ಬರಬೇಕು? ಸಿದ್ಧ ನಮೂನೆಯಲ್ಲೇ ಕೆಲಸ ಶುರು ಮಾಡಿದವರು ಅರ್ಧ ಖಾನೆ ಖಾಲಿ ಬಿಡುತ್ತಾರೆ, ಬೇಕಾದ ಮಾಹಿತಿಯನ್ನೆಲ್ಲ ಟಿಪ್ಪಣಿಗೆ ತುರುಕುತ್ತಾರೆ.

ಸ್ವಂತ ನಮೂನೆ ಮಾಡಿಕೊಳ್ಳಲು ಒಂದು ಮಧ್ಯಾಹ್ನ ಸಾಕು. ಪ್ರಿಫರೆನ್ಸಸ್‌ನಲ್ಲಿ ಟೆಂಪ್ಲೇಟ್ ವಿಭಾಗಕ್ಕೆ ಹೋಗಿ ಹೊಸದು ತೆರೆದು, ಖಾನೆಗಳನ್ನು ಡಬ್ಲಿನ್ ಕೋರ್ ಎಂಬ ಜಗತ್ತಿಡೀ ಬಳಸುವ ಪಟ್ಟಿಯಿಂದಲೇ ಆರಿಸಿ. ಪ್ರತಿ ಖಾನೆಗೂ ಕನ್ನಡದ ಲೇಬಲ್ ಕೊಡಬಹುದು. ಒಳಗೆ ಕ್ರಿಯೇಟರ್ ಎಂದಿರುವುದು ಪರದೆಯ ಮೇಲೆ 'ಹೊರಡಿಸಿದವರು' ಎಂದು ಕಾಣಲಿ. ಪಬ್ಲಿಷರ್ 'ಅಚ್ಚು ಹಾಕಿದವರು', ಸ್ಪೇಷಿಯಲ್ 'ಗೇಟು ಅಥವಾ ಬಡಾವಣೆ', ಪ್ರಾವೆನೆನ್ಸ್ 'ಯಾರ ಸಂಗ್ರಹ', ಆ್ಯಕ್ಸೆಸ್ ರೈಟ್ಸ್ 'ಎಷ್ಟು ತೋರಿಸಬಹುದು'. ಹೀಗೆ ಮಾಡಿದರೆ ತುಂಬುವವರಿಗೆ ಅರ್ಥವಾಗುತ್ತದೆ, ಮುಂದೆ ವೆಬ್‌ಸೈಟಿಗೆ ಕಳಿಸುವಾಗ ಆ ಕಡೆಯ ಯಂತ್ರಕ್ಕೂ ಅರ್ಥವಾಗುತ್ತದೆ. ತೀರಾ ಸ್ವಂತ ಖಾನೆ ಸೃಷ್ಟಿಸಿಕೊಂಡರೆ ಆ ಕಡೆ ಹೊಂದುವ ಖಾನೆ ಇರದೆ ಮಾಹಿತಿ ದಾರಿಯಲ್ಲೇ ಉದುರುತ್ತದೆ. ಹನ್ನೆರಡು ಹದಿಮೂರು ಖಾನೆ ದಾಟಬೇಡಿ. ಇಪ್ಪತ್ತೈದು ಇಟ್ಟರೆ ಮೂರನೇ ದಿನಕ್ಕೆ ಎಲ್ಲರೂ ಮೊದಲ ಐದನ್ನಷ್ಟೇ ತುಂಬುತ್ತಾರೆ.

ಶೀರ್ಷಿಕೆಯ ಖಾನೆಗೆ ಒಂದು ನಿಯಮ: ಕಾಗದದ ಮೇಲಿರುವ ಮಾತನ್ನೇ ಬರೆಯಬೇಕು. ಆಡಳಿತದ ನೋಟೀಸಿನಲ್ಲಿ 'ಅಕ್ರಮ ಮುಷ್ಕರ' ಎಂದಿದ್ದರೆ ಅದೇ, ಸಂಘದ ಕರಪತ್ರದಲ್ಲಿ 'ಲಾಕೌಟ್ ದೌರ್ಜನ್ಯ' ಎಂದಿದ್ದರೆ ಅದೇ. ಒಂದೇ ವಾರದ ಒಂದೇ ಘಟನೆಗೆ ಎರಡು ಹೆಸರು. ಯಾವುದು ಸರಿ ಎಂದು ತೀರ್ಪು ಕೊಡುವ ಜಾಗ ಶೀರ್ಷಿಕೆಯಲ್ಲ. ಎರಡನ್ನೂ ಒಂದು ಕಡೆ ತರುವ ಕೆಲಸ ಟ್ಯಾಗಿನದು.

ಈಗ ತಾರೀಖು. ಹೋರಾಟದ ಕಾಗದಕ್ಕೂ ಉಳಿದ ದಾಖಲೆಗೂ ಇರುವ ದೊಡ್ಡ ವ್ಯತ್ಯಾಸ ಇದು. ಕರಪತ್ರ ಬರೆದವರು ನಾಳೆಗಾಗಿ ಬರೆದಿರುತ್ತಾರೆ, ನಲವತ್ತು ವರ್ಷದ ಆಚೆಯವರಿಗಲ್ಲ. 'ಬರುವ ಭಾನುವಾರ ಸಂಜೆ ಗೇಟಿನ ಬಳಿ' ಎಂದಿರುತ್ತದೆ. ಬಹಳ ಅಂದರೆ 'ಮಾರ್ಚ್ 14, ಭಾನುವಾರ'. ಇಸವಿ ಇರುವುದಿಲ್ಲ. ಸಾಮಾನ್ಯ ಸಾಫ್ಟ್‌ವೇರಿನ ತಾರೀಖಿನ ಖಾನೆ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತದೆ, ಕೊಡದಿದ್ದರೆ ಬಿಡುವುದಿಲ್ಲ. ತುಂಬುವವರು ಬೇಸತ್ತು ಏನೋ ಒಂದು ಹಾಕುತ್ತಾರೆ, ಆ ಸುಳ್ಳು ಮುಂದೆ ಇತಿಹಾಸವಾಗುತ್ತದೆ.

ಟ್ರೋಪಿ ಗೆಲ್ಲುವುದು ಇಲ್ಲಿ. ಇದು ಇಡಿಟಿಎಫ್ ಎಂಬ ತಾರೀಖಿನ ಬರವಣಿಗೆಯನ್ನು ಅರ್ಥ ಮಾಡಿಕೊಳ್ಳುತ್ತದೆ. 2019ರಲ್ಲಿ ಅದು ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡದೊಳಗೆ ಸೇರಿತು. 1978~ ಎಂದರೆ ಸುಮಾರು 1978. 1978? ಎಂದರೆ 1978 ಇರಬಹುದು, ಖಾತ್ರಿಯಿಲ್ಲ. 198ರ ಮುಂದೆ ಇಂಗ್ಲಿಷಿನ ದೊಡ್ಡ ಎಕ್ಸ್ ಅಕ್ಷರ ಬರೆದರೆ ಎಂಬತ್ತರ ದಶಕದ ಯಾವುದೋ ವರ್ಷ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬಹುದು, ಆದರೂ ಸಾಲಿನಲ್ಲಿ ಜೋಡಿಸಬಹುದು. ಕೊನೆಯಿಲ್ಲದ ಅವಧಿಗೂ ಇದರಲ್ಲಿ ಗುರುತಿದೆ. ಮುಂಬೈಯ ಜವಳಿ ಗಿರಣಿ ಮುಷ್ಕರ 1982ರ ಜನವರಿ 18ರಂದು ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು. ಅದನ್ನು ಹಿಂತೆಗೆದುಕೊಂಡೆವೆಂದು ವಿಧಿವತ್ತಾಗಿ ಯಾರೂ ಸಾರಲಿಲ್ಲ. ಇಡಿಟಿಎಫ್‌ನಲ್ಲಿ ಅದು 1982-01-18/.. ಎಂದಾಗುತ್ತದೆ. ಕೊನೆಯ ಎರಡು ಚುಕ್ಕೆ ಎಂದರೆ 'ಮುಗಿದಿಲ್ಲ'.

ಮತ್ತೆ ಆ 'ಮಾರ್ಚ್ 14, ಭಾನುವಾರ'ಕ್ಕೆ ಬರೋಣ. 1970ರಿಂದ 2000ದ ನಡುವೆ ಮಾರ್ಚ್ 14 ಭಾನುವಾರ ಬಿದ್ದದ್ದು ಐದೇ ಸಲ: 1971, 1976, 1982, 1993, 1999. ಕರಪತ್ರದಲ್ಲಿ ಕೇಳಿರುವ ತುಟ್ಟಿಭತ್ಯೆಯ ಅಂಕಿ, ಸಹಿ ಹಾಕಿದ ಕಾರ್ಯದರ್ಶಿ ಆ ಹುದ್ದೆಯಲ್ಲಿದ್ದ ಕಾಲ, ಮುದ್ರಣಾಲಯದ ವಿಳಾಸದಲ್ಲಿರುವ ಪಿನ್‌ಕೋಡ್ ಇವನ್ನು ಒರೆಗೆ ಹಚ್ಚಿದರೆ ಸಾಮಾನ್ಯವಾಗಿ ಒಂದೋ ಎರಡೋ ಉಳಿಯುತ್ತವೆ. ಭಾರತದಲ್ಲಿ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಅದು ಇದ್ದರೆ 1971 ಬಿದ್ದುಹೋಯಿತು. ಉತ್ತರವಷ್ಟೇ ಸಾಲದು. 'ತಾರೀಖಿನ ಆಧಾರ' ಎಂದು ಇನ್ನೊಂದು ಖಾನೆ ಇಟ್ಟು ಹೇಗೆ ಬಂದೆವೆಂದು ಒಂದು ಸಾಲು ಬರೆಯಿರಿ. ಮುಂದೆ ಯಾರಾದರೂ ಗುಮಾನಿ ಪಟ್ಟರೆ ಮೊದಲಿಂದ ಅಗೆಯಬೇಕಿಲ್ಲ.

ಒಂದೇ ಏಟಿಗೆ ಹತ್ತಾರು ಐಟಂ ಆರಿಸಿ ಒಂದು ಖಾನೆ ತುಂಬುವ ಸೌಲಭ್ಯವಿದೆ. ಒಂದು ಮನೆಯ ನೂರಿಪ್ಪತ್ತು ಕಾಗದಕ್ಕೂ 'ಯಾರ ಸಂಗ್ರಹ' ಎಂಬುದನ್ನು ಹತ್ತು ಸೆಕೆಂಡಿನಲ್ಲಿ ಬರೆದು ಮುಗಿಸಬಹುದು. ಅದೇ ವೇಗದಲ್ಲಿ ನೂರಿಪ್ಪತ್ತು ತಾರೀಖನ್ನೂ ಹಾಳು ಮಾಡಬಹುದು. ಒಂದನ್ನೇ ತಿದ್ದುತ್ತಿದ್ದೇವೆ ಎಂದುಕೊಂಡಿರುತ್ತೇವೆ, ಹಿಂದೆ ಆರಿಸಿದ್ದು ಹಾಗೇ ಉಳಿದಿರುತ್ತದೆ. ಕಂಡ ಕೂಡಲೇ ಅನ್‌ಡೂ ಮಾಡಿದರೆ ಬಚಾವು. ಪ್ರತಿದಿನದ ಬ್ಯಾಕಪ್ ಬೇಕೆನ್ನುವುದು ಇದಕ್ಕೇ: ಮೂರು ಪ್ರತಿ, ಎರಡು ಬೇರೆ ಸಾಧನ, ಒಂದು ಬೇರೆ ಕಟ್ಟಡದಲ್ಲಿ.

ಮುಖಗಳು, ಟ್ಯಾಗುಗಳು

ಚಿತ್ರದ ಒಂದು ಭಾಗವನ್ನು ಚೌಕ ಹಾಕಿ ಆರಿಸಿ, ಆ ಚೌಕಕ್ಕೇ ಬೇರೆ ವಿವರ, ಬೇರೆ ಟಿಪ್ಪಣಿ ಬರೆಯಬಹುದು. ಇದಕ್ಕೆ ಸೆಲೆಕ್ಷನ್ ಎನ್ನುತ್ತಾರೆ. ಗುಂಪು ಫೋಟೊಗೆ ಇದಕ್ಕಿಂತ ಹೊಂದುವ ಸಾಧನ ಇಲ್ಲ. 'ಎಡದಿಂದ ಮೂರನೆಯವರು' ಎಂಬ ಲೆಕ್ಕ ಹಿಂದೆ ನಿಂತ ಅರ್ಧ ಮುಖದ ಬಳಿ ಯಾವಾಗಲೂ ಕೈಕೊಡುತ್ತದೆ. ಚೌಕದ ಟಿಪ್ಪಣಿಯಲ್ಲಿ ಮೂರು ವಿಷಯ ಬರೆದರೆ ಸಾಕು: ಹೆಸರು, ಯಾವ ವಿಭಾಗ, ಗುರುತಿಸಿದವರ ಸಂಕೇತ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ಮುಖಗಳ ಮಟ್ಟಿಗೆ ಮುಗಿಸದೆ ಬ್ಯಾನರಿನ ಅಕ್ಷರ, ಹಿಂದಿನ ಅಂಗಡಿಯ ಬೋರ್ಡು, ಕೈಯಲ್ಲಿ ಹಿಡಿದ ಫಲಕ ಇವಕ್ಕೂ ಚೌಕ ಹಾಕಿ, ಜಾಗ ಕಾಲ ಸಿಗುವುದು ಅಲ್ಲಿಂದಲೇ. ನಡಾವಳಿ ಪುಸ್ತಕದಲ್ಲೂ ಇದೇ ವಿಧಾನ. ಇಡೀ ಪುಸ್ತಕ ಒಂದು ಐಟಂ, ಒಂದೊಂದು ಠರಾವು ಒಂದೊಂದು ಚೌಕ.

ಟ್ಯಾಗಿನ ವಿಷಯದಲ್ಲಿ ಟ್ರೋಪಿ ಯಾರನ್ನೂ ತಡೆಯುವುದಿಲ್ಲ, ಅದೇ ಕೊರತೆ. ಒಬ್ಬರು 'ಮುಷ್ಕರ' ಎನ್ನುತ್ತಾರೆ, ಇನ್ನೊಬ್ಬರು 'ಸ್ಟ್ರೈಕ್', ಮತ್ತೊಬ್ಬರು 'ಹರತಾಳ'. ಹುಡುಕಿದಾಗ ಮೂರರಲ್ಲಿ ಒಂದು ಪಾಲು ಮಾತ್ರ ಸಿಗುತ್ತದೆ. ಮೂವತ್ತು ನಲವತ್ತು ಪದಗಳ ಪಟ್ಟಿ ಮೊದಲೇ ಮಾಡಿ ಗೋಡೆಗೆ ಅಂಟಿಸುವುದೇ ದಾರಿ. ಕನ್ನಡದ್ದೇ ಇನ್ನೊಂದು ಪೀಡೆಯೂ ಇದೆ: 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೆಯ ಫೈಲುಗಳಿಂದ ನಕಲು ಮಾಡಿ ಅಂಟಿಸಿದ ಪಠ್ಯ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡಿಗೆ ಪರಿವರ್ತಿಸದೆ ಅಂಟಿಸಿದರೆ ಅದು ಗೀಚಾಗಿ ಕಾಣುತ್ತದೆ, ಹುಡುಕಾಟಕ್ಕಂತೂ ಸಿಗುವುದೇ ಇಲ್ಲ.

ಕುರ್ಚಿಯ ಗಡಿ

ಧ್ವನಿ, ವಿಡಿಯೊ ಇದರೊಳಗೆ ಬರುವುದಿಲ್ಲ. ಕಾರ್ಮಿಕ ಇತಿಹಾಸದ ಅರ್ಧ ಇರುವುದು ಬಾಯಿಮಾತಿನಲ್ಲಿ. ಮಹಿಳೆಯರ ಪಾಲಂತೂ ಕಾಗದದಲ್ಲಿ ಬಹಳ ಕಡಿಮೆ: ಮುಷ್ಕರದ ತಿಂಗಳುಗಳಲ್ಲಿ ಮನೆ ನಡೆಸಿದವರ ಹೆಸರು ಯಾವ ನಡಾವಳಿಯಲ್ಲೂ ಇರುವುದಿಲ್ಲ. ಸಂದರ್ಶನಗಳನ್ನು ಬೇರೆ ಕಡೆ ಇಡಲೇಬೇಕು. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದೇ ಚಾನೆಲ್ಲಿನ ವೇವ್ ಫೈಲ್ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಅದನ್ನು ಮೂಲವಾಗಿ ಇಟ್ಟು, ಕೇಳಿಸಲು ಎಂಪಿ3 ಮಾಡಿಕೊಳ್ಳಿ. ಟ್ರೋಪಿಯಲ್ಲಿ ಸಂಬಂಧಪಟ್ಟ ಕಾಗದದ ಟಿಪ್ಪಣಿಯೊಳಗೆ ಧ್ವನಿ ಫೈಲಿನ ಹೆಸರು, ನಿಮಿಷ ಬರೆದಿಟ್ಟರೆ ಎರಡಕ್ಕೂ ಕೊಂಡಿ ಆಗುತ್ತದೆ. ಸುತ್ತು ದಾರಿ, ಆದರೆ ನಡೆಯುತ್ತದೆ.

ನಾಲ್ಕು ಜನ ಸೇರಿ ತುಂಬಬೇಕಾದರೆ ಮನೆಗೊಂದು ಪ್ರಾಜೆಕ್ಟ್ ಮಾಡಿ, ನಮೂನೆಯ ಫೈಲನ್ನು ಎಲ್ಲರಿಗೂ ರಫ್ತು ಮಾಡಿ ಕೊಟ್ಟು, ಕೊನೆಗೆ ಒಂದೇ ಕಡೆ ಆಮದು ಮಾಡಿಕೊಳ್ಳುವುದು ಸದ್ಯಕ್ಕಿರುವ ಉಪಾಯ. ಮಧ್ಯದಲ್ಲಿ ಒಬ್ಬರು ನಮೂನೆಗೆ ಒಂದು ಖಾನೆ ಸೇರಿಸಿದರೂ ಕೂಡಿಸುವ ದಿನ ಗೋಳಾಟ.

ಜನರಿಗೆ ತೋರಿಸಲು ಇನ್ನೊಂದು ಸಾಧನ ಬೇಕೇ ಬೇಕು. ಸಂಗ್ರಹವನ್ನು ವೆಬ್‌ಸೈಟಾಗಿ ತೋರಿಸುವ ಒಮೆಕಾ ಎಸ್ ಎಂಬ ಸಾಫ್ಟ್‌ವೇರ್ ಅದಕ್ಕೆ ಒಳ್ಳೆಯ ಜೋಡಿ. ಅದೂ ಉಚಿತ, ಡಬ್ಲಿನ್ ಕೋರ್ ಅದರಲ್ಲಿ ಮೊದಲೇ ಕೂತಿರುತ್ತದೆ. ಸೈಟು ನಡೆಸುವ ಪಿಎಚ್‌ಪಿ, ಮಾಹಿತಿ ಹಿಡಿದಿಡುವ ಮೈಎಸ್‌ಕ್ಯೂಎಲ್ ಎರಡೂ ಇರುವ ಸರ್ವರ್ ಬೇಕು. ಟ್ರೋಪಿಗೆ ಸೇರಿಸಿಕೊಳ್ಳುವ ಒಮೆಕಾ ಪ್ಲಗಿನ್ನಿಗೆ ಆ ಸೈಟಿನ ಎಪಿಐ ವಿಳಾಸ (ಬೇರೆ ಸಾಫ್ಟ್‌ವೇರ್ ಒಳಬರುವ ಬಾಗಿಲು), ಎರಡು ಕೀಲಿ ಕೊಟ್ಟರೆ ಆರಿಸಿದ ಐಟಂಗಳು ಅತ್ತ ಹೋಗುತ್ತವೆ. ಮೊದಲು ಐದನ್ನೇ ಕಳಿಸಿ ನೋಡಿ. ಚಿತ್ರ ಮೇಲೇರದೆ ನಿಂತರೆ ಸಾಮಾನ್ಯವಾಗಿ ತಪ್ಪು ಪಿಎಚ್‌ಪಿಯದ್ದು: ಅದರ ಮೂಲ ಸೆಟ್ಟಿಂಗಿನಲ್ಲಿ ಒಂದು ಫೈಲಿನ ಮಿತಿ 2 ಎಂಬಿ. ಎ4 ಹಾಳೆಯನ್ನು 300ರಲ್ಲಿ ಬಣ್ಣದ ಟಿಫ್ (ಗುಣ ಕಳೆಯದೆ ಇಡುವ ಚಿತ್ರದ ಫಾರ್ಮ್ಯಾಟು) ಮಾಡಿ ಕುಗ್ಗಿಸದಿದ್ದರೆ 26 ಎಂಬಿ. ಟಿಫ್ ಮನೆಯಲ್ಲಿರಲಿ, ಸೈಟಿಗೆ ಜೆಪೆಗ್ ಹೋಗಲಿ.

ಒಮೆಕಾ ಪ್ಲಗಿನ್ ಬೇಡವೆನ್ನುವವರಿಗೆ, ವಿವರಗಳನ್ನು ಸಾದಾ ಕೋಷ್ಟಕದ ಫೈಲಾಗಿ ಇಳಿಸುವ ಸಿಎಸ್‌ವಿ ಪ್ಲಗಿನ್ನಿನ ದಾರಿ ಇದೆ. ಅದರಲ್ಲೊಂದು ಹಳ್ಳ. ರಫ್ತಾದ ಫೈಲನ್ನು ಎರಡು ಸಲ ಕ್ಲಿಕ್ಕಿಸಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡವೆಲ್ಲ ಗೊಬ್ಬರವಾಗಿ ಕಾಣಬಹುದು. ಹಾಗೇ ಸೇವ್ ಮಾಡಿದರೆ ಗೊಬ್ಬರವೇ ಶಾಶ್ವತ. ಲಿಬ್ರೆಆಫೀಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆಯುವಾಗ ಅಕ್ಷರಗಳ ಬಗೆ ಯುಟಿಎಫ್-8 ಎಂದು ಆರಿಸಿ, ತಾರೀಖಿನ ಕಾಲಂ 'ಟೆಕ್ಸ್ಟ್' ಇರಲಿ. ಇಲ್ಲದಿದ್ದರೆ ಸ್ಪ್ರೆಡ್‌ಶೀಟ್ ತಾರೀಖನ್ನು ತನಗೆ ತೋಚಿದಂತೆ ತಿರುಗಿಸುತ್ತದೆ.

ಅನುಮತಿಯ ಮಾತು. ಕಾಗದ ಕೊಟ್ಟವರಿಂದ ಎರಡು ಪ್ರತಿಯ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು, ಒಂದು ಅವರ ಬಳಿ. ಅದರಲ್ಲಿ 'ಒಪ್ಪಿದ್ದೇನೆ' ಎಂಬ ಒಂದೇ ಸಾಲಿದ್ದರೆ ಸಾಲದು. ಚಿತ್ರ ತೆಗೆದು ಇಟ್ಟುಕೊಳ್ಳಬಹುದೆ, ಕೇಳಿಬಂದವರಿಗೆ ಕೋಣೆಯಲ್ಲಿ ತೋರಿಸಬಹುದೆ, ಅಂತರ್ಜಾಲಕ್ಕೆ ಹಾಕಬಹುದೆ ಎಂದು ಮೂರು ಬೇರೆ ಪ್ರಶ್ನೆ ಬೇಕು. ಆ ಉತ್ತರವೇ 'ಎಷ್ಟು ತೋರಿಸಬಹುದು' ಖಾನೆಗೆ ಹೋಗುತ್ತದೆ. ಕೊಟ್ಟವರು ಒಪ್ಪಿದರೂ ಕಾಗದದೊಳಗೆ ಹೆಸರಿರುವವರು ಒಪ್ಪಿಲ್ಲ ಎಂಬುದು ನೆನಪಿರಲಿ. ಮುಷ್ಕರ ಮುರಿದವರ ಪಟ್ಟಿ, ಶಿಸ್ತುಕ್ರಮದ ವಿಚಾರಣೆಯ ವರದಿ, ಆಸ್ಪತ್ರೆಯ ಚೀಟಿ ಇವು ನೆರೆಹೊರೆಯಲ್ಲಿ ಇವತ್ತಿಗೂ ಹೊಗೆಯಾಡುವ ವಿಷಯಗಳು. ಒಮೆಕಾ ಎಸ್‌ನಲ್ಲಿ ಇಡೀ ಐಟಮ್ಮನ್ನೂ, ಅದರೊಳಗಿನ ಒಂದು ಖಾನೆಯನ್ನೂ ಖಾಸಗಿಯಾಗಿ ಇಡಬಹುದು. ಟ್ರೋಪಿಯಲ್ಲಿ ಆ ಬಾಗಿಲಿಲ್ಲ. ಫೈಲ್ ಯಾರ ಕೈಯಲ್ಲಿದೆಯೋ ಅವರಿಗೆ ಎಲ್ಲವೂ ಕಾಣುತ್ತದೆ. ಲ್ಯಾಪ್‌ಟಾಪಿನ ಡಿಸ್ಕನ್ನು ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡದೆ ಈ ಕೆಲಸಕ್ಕೆ ಇಳಿಯಬಾರದು.

ದೊಡ್ಡ ಸಂಸ್ಥೆ ಇಲ್ಲದೆ ಇದೆಲ್ಲ ಸಾಧ್ಯವೇ ಎನ್ನುವವರು ಇಂಗ್ಲೆಂಡಿನ ಸಾಲ್ಫರ್ಡ್‌ನ ವರ್ಕಿಂಗ್ ಕ್ಲಾಸ್ ಮೂವ್‌ಮೆಂಟ್ ಲೈಬ್ರರಿಯನ್ನು ನೋಡಬೇಕು. ರೂತ್ ಮತ್ತು ಎಡ್ಮಂಡ್ ಫ್ರೋ ದಂಪತಿ ತಮ್ಮ ಮನೆಯಲ್ಲೇ ಕೂಡಿಟ್ಟ ಪುಸ್ತಕ, ಕರಪತ್ರಗಳೇ ಅದರ ಬುನಾದಿ. ಮನೆಯೊಳಗೆ ಹಿಡಿಸದಷ್ಟಾದ ಮೇಲೆ 1987ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂತು.

ಟ್ರೋಪಿಯಲ್ಲಿ ಹೆಚ್ಚು ಜನ ಮುಟ್ಟದ ಒಂದು ಗುಂಡಿ ಇದೆ, ಪ್ರಿಂಟ್. ಐಟಮ್ಮಿನ ಚಿತ್ರ, ವಿವರ, ಟಿಪ್ಪಣಿ ಎಲ್ಲವನ್ನೂ ಜೋಡಿಸಿ ಕಾಗದಕ್ಕೋ ಪಿಡಿಎಫ್‌ಗೋ ಇಳಿಸುತ್ತದೆ. ಒಂದೇ ಕುರ್ಚಿಯ ಸಮಸ್ಯೆಗೆ ಅರ್ಧ ಪರಿಹಾರ ಇದರಲ್ಲೇ ಇದೆ. ಒಂದು ಮನೆಯ ಸಂಗ್ರಹದ ಪ್ರಿಂಟ್ ತೆಗೆದು, ಒಂದು ಬದಿ ಖಾಲಿ ಬಿಟ್ಟು, ದಾರ ಹಾಕಿ ಹೊಲಿದು, ಜೊತೆಗೊಂದು ಪೆನ್ಸಿಲ್ ಇಟ್ಟು ಹಳೆಯ ಪಾಳಿಯವರ ಕೈಗೆ ಕೊಡಬೇಕು. ಅಕ್ಷರ 14 ಪಾಯಿಂಟಿಗಿಂತ ಕಡಿಮೆ ಬೇಡ, ಓದುವವರು ಎಪ್ಪತ್ತು ದಾಟಿದವರು. ಪರದೆಯ ಮುಂದೆ 'ಸರಿ ಇದೆ' ಎಂದು ತಲೆಯಾಡಿಸುವವರೇ ಕಾಗದದ ಮೇಲೆ ಹೆಸರು ಹೊಡೆದುಹಾಕಿ ಬೇರೆ ಬರೆಯುತ್ತಾರೆ, ಬಾಣ ಎಳೆದು 'ಇದು ಎರಡನೇ ಗೇಟು, ಮೊದಲನೆಯದಲ್ಲ' ಎನ್ನುತ್ತಾರೆ. ಆ ಪುಸ್ತಕ ವಾಪಸು ಬಂದಾಗ ತಿದ್ದಿದ ಪುಟಗಳ ಚಿತ್ರವನ್ನೂ ತೆಗೆದು ಅದೇ ಐಟಮ್ಮಿಗೆ ಸೇರಿಸಿ. ಹಳೆಯ ಟಿಪ್ಪಣಿ ಅಳಿಸಬೇಡಿ, ಕೆಳಗೆ ತಾರೀಖು, ತಿದ್ದಿದವರ ಸಂಕೇತ ಹಾಕಿ ಹೊಸದು ಬರೆಯಿರಿ.